ಅಸ್ಥಿಯ ಚೀಲದಲ್ಲೊಂದು ಕ್ವಾರ್ಟರ್

ಸಾಯುವ ಹದಿನೈದು ದಿನ ಮುಂಚೆ ಅಪ್ಪ ನನ್ನನ್ನು ಕೇಳಿದ್ದು ಒಂದೇ ಒಂದು ಗುಟುಕು ಬ್ರಾಂದಿ. ನಾನು ಕೊಡಲಿಲ್ಲ. ಸುಮ್ಮನೆ ಇಲ್ಲ ಅಂದಿದ್ದರೂ ಆಗುತ್ತಿತ್ತು, ಮಂಚದ ಪಕ್ಕ ನಿಂತು ಚೆನ್ನಾಗಿ ಬೈದೆ. "ಇದನ್ನ ಕುಡಿದೇ ಲಿವರ್ ಹಾಳು ಮಾಡ್ಕೊಂಡಿದ್ದೀಯ, ಇನ್ನೂ ಬೇಕಾ ನಿಂಗೆ? ನಾಚಿಕೆ ಆಗಲ್ವಾ?" ಬಾಟಲಿ ಅವನ ದಿಂಬಿನ ಕೆಳಗೇ ಇತ್ತು, ಅರ್ಧ ಉಳಿದಿದ್ದ ಕ್ವಾರ್ಟರ್. ಆದರೆ ಮೂವತ್ತು ವರ್ಷ ಲೇತ್ ಮೆಷಿನ್ನಿನ ಮುಂದೆ ನಿಂತ ಆ ಕೈಗೆ ಮುಚ್ಚಳ ತಿರುಗಿಸುವಷ್ಟು ಶಕ್ತಿ ಉಳಿದಿರಲಿಲ್ಲ. ಅದನ್ನು ಎಳೆದು ಅಮ್ಮನ ಕೈಗೆ ಕೊಟ್ಟು, "ಬಚ್ಚಲಿಗೆ ಸುರಿ" ಎಂದೆ. ಅಪ್ಪ ಗೋಡೆ ಕಡೆ ತಿರುಗಿ ಮಲಗಿದ.

ಆಸ್ಪತ್ರೆಯವರು ಆಗಲೇ ಕೈಚೆಲ್ಲಿದ್ದರು. "ಮನೆಗೆ ಕರ್ಕೊಂಡು ಹೋಗಿ, ಏನ್ ಕೇಳಿದ್ರೂ ಕೊಡಿ" ಎಂದು ಹೇಳಿಯೇ ಡಾಕ್ಟರು ಕಳಿಸಿದ್ದರು. ಏನು ಕೇಳಿದರೂ ಅಂದರೆ ಇಡ್ಲಿ, ಎಳನೀರು, ಹೆಚ್ಚೆಂದರೆ ಕಾಲು ಸೂಪು ಎಂದು ನಾನೇ ತೀರ್ಮಾನ ಮಾಡಿದೆ. ನನ್ನ ಕಸುಬೂ ಅಂಥದ್ದೇ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ತಯಾರಾದ ಬಿಡಿಭಾಗಗಳ ಅಳತೆ ನೋಡುವವನು ನಾನು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಪಕ್ಕಕ್ಕೆ ಎಸೆಯುತ್ತೇನೆ. ಆಪರೇಟರುಗಳು ಬೆನ್ನ ಹಿಂದೆ ನನ್ನನ್ನು 'ರಿಜೆಕ್ಟು' ಎಂದೇ ಕರೆಯುವುದು ಗೊತ್ತಿದೆ. ಒಳಗೊಳಗೇ ಅದರ ಬಗ್ಗೆ ಹೆಮ್ಮೆಯೂ ಇತ್ತು ಅನ್ನಿ.

ಅಪ್ಪ ಹೋದ. ಅಸ್ಥಿಯಲ್ಲಿ ಅರ್ಧವನ್ನು ಶ್ರೀರಂಗಪಟ್ಟಣದಲ್ಲಿ ಬಿಟ್ಟೆವು, ಉಳಿದದ್ದನ್ನು ಕಾಶಿಗೇ ಒಯ್ಯಬೇಕೆಂದು ಅಮ್ಮ ಹಟ ಹಿಡಿದಳು. ಅವಳ ಮಂಡಿಗೆ ಎರಡು ದಿನದ ರೈಲು ಆಗದ ಮಾತು, ಹಾಗಾಗಿ ವಿಮಾನಕ್ಕೆ ಟಿಕೆಟ್ ತೆಗೆದೆ. ಹೊರಡುವ ಹಿಂದಿನ ದಿನ ಚಿಕ್ಕಬಾಣಾವರದ ಮನೆಯ ನಡುಮನೆಯಲ್ಲಿ ಕೂತು ಮೊಬೈಲಿನಲ್ಲಿದ್ದ ನಿಯಮಗಳನ್ನೆಲ್ಲ ಅವಳಿಗೆ ಓದಿ ಹೇಳಿದೆ. ಅಸ್ಥಿಯನ್ನು ಕೈಚೀಲದಲ್ಲಿ ಒಯ್ಯಬಹುದು, ಮರಣ ಪ್ರಮಾಣಪತ್ರ ಜೊತೆಗಿರಬೇಕು. ನೀರಿನಂಥದ್ದು ಏನಿದ್ದರೂ ನೂರು ಎಂಎಲ್ ಮೀರಬಾರದು. ಮದ್ಯದ ನಿಯಮ ಬಂದಾಗ, ನಮಗೆ ಸಂಬಂಧವಿಲ್ಲದಿದ್ದರೂ, ಬೇಕೆಂದೇ ಗಟ್ಟಿಯಾಗಿ ಓದಿದೆ. ಸತ್ತವನಿಗೂ ಕೇಳಿಸಲಿ ಅನ್ನುವ ಹಾಗಿತ್ತು ನನ್ನ ದನಿ.

"ನೂರ್ ಎಂಎಲ್ ಅಂದ್ರೆ ಏಸಾಯ್ತದೆ?" ಎಂದು ಅಮ್ಮ ಕೇಳಿದಳು.

"ಕೆಮ್ಮಿನ ಔಷಧಿ ಮುಚ್ಚಳ ಇಲ್ವಾ, ಅದರಲ್ಲಿ ಹತ್ತು" ಎಂದೆ. ಮಂಡಿಗೆ ಹಚ್ಚುವ ಎಣ್ಣೆಗೆ ಕೇಳುತ್ತಿದ್ದಾಳೆ ಅಂದುಕೊಂಡಿದ್ದೆ.

ಮಾರನೆಯ ದಿನ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಚೀಲ ಮೆಷಿನ್ನಿನೊಳಗೆ ಹೋಯಿತು, ಹೊರಗೆ ಬಂದದ್ದೇ ಪಕ್ಕಕ್ಕೆ ಸರಿಯಿತು. ಕೂತಿದ್ದ ಅಧಿಕಾರಿ ಹೆಂಗಸು, ಮಾತು ಕೇಳಿದರೆ ಉತ್ತರ ಕರ್ನಾಟಕದವರು. ಕೆಂಪು ಬಟ್ಟೆ ಕಟ್ಟಿದ ಕುಡಿಕೆ ನೋಡಿ ದನಿ ತಗ್ಗಿಸಿ, ನಾನು ಕೊಟ್ಟ ಪತ್ರ ಓದಿ, "ಅಸ್ಥಿಗೇನ್ ಅಡ್ಡಿಲ್ರಿ" ಎಂದರು. ಆಮೇಲೆ ಚೀಲದ ತಳಕ್ಕೆ ಕೈ ಹಾಕಿ ಅಮ್ಮನ ಹಳೆಯ ರವಿಕೆಯಲ್ಲಿ ಸುತ್ತಿದ್ದ ಏನನ್ನೋ ಬಿಚ್ಚಿದರು. ಅದೇ ಬಾಟಲಿ!

ನನ್ನ ಮೈಯೆಲ್ಲ ಉರಿದುಹೋಯಿತು. "ಎಂಥಾ ಕೆಲಸ ಮಾಡಿದ್ದೀಯಮ್ಮಾ! ಇಷ್ಟು ಜನರ ಮುಂದೆ ಮಾನ ಕಳೆದುಬಿಟ್ಟೆಯಲ್ಲ!" ಹಿಂದೆ ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡುವಂತೆ ಕೂಗಿದೆ. ಅಮ್ಮ ನನ್ನ ಕಡೆ ನೋಡಲೇ ಇಲ್ಲ.

"ನೂರರ ಒಳ್ಗೇ ಐತೆ ಕಣವ್ವ" ಎಂದು ಆ ಅಧಿಕಾರಿಗೆ ಹೇಳಿದಳು. "ಮುಚ್ಚಳದಲ್ಲಿ ಅಳ್ದಿವ್ನಿ, ಒಂಬತ್ತೇ ಆಗಿದ್ದು."

"ಒಳಗ ಎಷ್ಟ್ ಐತಿ ಅಂತ ನೋಡಂಗಿಲ್ರಿ ಅಮ್ಮಾರ, ಬಾಟ್ಲಿ ಎಷ್ಟರದ್ದು ಅಂತ ನೋಡ್ತೀವಿ. ಇದು ನೂರಾ ಎಂಬತ್ತರದ್ದು. ಸೀಲ್ ಬ್ಯಾರೆ ಒಡದೈತಿ, ದೊಡ್ಡ ಲಗೇಜಿನಾಗೂ ಹಾಕಾಕ ಬರಂಗಿಲ್ಲ."

"ಕೊನೇಲಿ ಕೇಳಿದ್ರು ಕಣವ್ವ, ಬಾಯ್ಗೆ ಓಗ್ನಿಲ್ಲ. ಗಂಗೇಲಿ ಬಿಡೋವಾಗ ಒಂದೀಟು ಜೊತೇಲಿ ಬಿಟ್ಬಿಡಾಣ ಅಂತ ತಂದೆ. ಇನ್ನೇನೂ ಇಲ್ಲ."

ದನಿ ತಗ್ಗಿಸಿ ಅಮ್ಮನ ಕಡೆ ತಿರುಗಿದೆ. ಒಳಗಡೆ ಅಂಗಡಿಯಿದೆ, ಅಲ್ಲಿ ಕೊಂಡದ್ದನ್ನು ಒಯ್ಯಬಹುದು, ಬೇರೆ ತೆಗೆದುಕೊಡುತ್ತೇನೆ ಎಂದೆ. ಹುಟ್ಟಿದಾಗಿನಿಂದ ಹೆಂಡದಂಗಡಿ ಮೆಟ್ಟಿಲು ಹತ್ತದವನು ನಾನು. ಅಮ್ಮ ತಲೆ ಅಲ್ಲಾಡಿಸಿ, "ಅದು ನಿಮ್ಮಪ್ಪ ಕೇಳಿದ್ದಲ್ಲ" ಎಂದಳು.

ಅಧಿಕಾರಿ ಗಡಿಯಾರ ನೋಡಿ, "ಟೈಮ್ ಐತಿ. ಹೊರಗ ಹೋಗಿ ಏನ್ ಮಾಡೋದೈತಿ ಮಾಡ್ಕೊಂಡ್ ಬರ್ರಿ, ಮತ್ತ ಸಾಲಿನ್ಯಾಗ ನಿಲ್ಲಬೇಕಾಗ್ತೈತಿ ಅಷ್ಟ" ಎಂದರು.

ಸಾಲು ದಾಟಿ ಹಿಂದಕ್ಕೆ ಬಂದು ಒಂದು ಕಂಬದ ಮರೆಯಲ್ಲಿ ನಿಂತೆವು. ಅಮ್ಮ ಕುಡಿಕೆ ಹಿಡಿದುಕೊಂಡು ಬಾಟಲಿಯನ್ನು ನನ್ನ ಕಡೆ ಚಾಚಿದಳು. "ನೀನೇ ಮುಟ್ಸು. ನಿನ್ನೇ ತಾನೆ ಅವ್ರು ಕೇಳಿದ್ದು." ಮುಚ್ಚಳ ತಿರುಗಿಸಿ ಬೆರಳು ಅದ್ದಿ ಕುಡಿಕೆಯ ಬಟ್ಟೆಗೆ ಮೂರು ಸಲ ಮುಟ್ಟಿಸಿದೆ. ಅಪ್ಪ ಶಿಫ್ಟ್ ಮುಗಿಸಿ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಬರುತ್ತಿದ್ದ ವಾಸನೆ ಎದ್ದಿತು. ಜೀವಮಾನವೆಲ್ಲ ಹೇಸಿದ ವಾಸನೆ, ಅವತ್ತು ಬೆರಳು ಒರೆಸಿಕೊಳ್ಳಲಿಲ್ಲ. ವಾಪಸು ಹೋಗಿ ಉಳಿದದ್ದನ್ನು ಬಾಟಲಿ ಸಮೇತ ಆ ಅಧಿಕಾರಿ ತೋರಿಸಿದ ಡಬ್ಬಕ್ಕೆ ಹಾಕಿದೆ.

ಒಳಗೆ ಕುರ್ಚಿಗಳಲ್ಲಿ ಕೂತೆವು. ಕುಡಿಕೆಯಿದ್ದ ಚೀಲವನ್ನು ನಮ್ಮಿಬ್ಬರ ನಡುವಿನ ಕುರ್ಚಿಯಲ್ಲಿ ಇಟ್ಟಿದ್ದೆವು. ಆಮೇಲೆ ಕೇಳಿದೆ: "ಸುರಿ ಅಂದಿದ್ನಲ್ಲಮ್ಮ, ಯಾಕೆ ಇಟ್ಕೊಂಡೆ?"

"ನೀನು ಡ್ಯೂಟಿಗೆ ಓದ್ಮೇಲೆ ಕೊಡಾಣ ಅಂತ. ರಾಗಿ ಡಬ್ಬದಲ್ಲಿ ಮಡಗಿದ್ದೆ."

"ಕೊಡಬೇಕಿತ್ತು. ನನಗೆ ಹೆದರ್ಕೊಂಡು ಸುಮ್ನಾದ್ಯಾ?"

"ಕೊಟ್ಟೆ ಕಣಪ್ಪ. ಮಾರ್ನೇ ದಿನವೇ ಚಮಚದಲ್ಲಿ ಉಯ್ಕೊಂಡು ಬಾಯ್ ಅತ್ರ ಇಡಿದೆ." ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ಅವ್ರೇ ಬ್ಯಾಡ ಅಂದ್ರು. ವಾಸ್ನೆ ಬತ್ತದೆ, ಅವ್ನಿಗೆ ಗೊತ್ತಾಯ್ತದೆ, ನಿನ್ ಮೇಲೆ ರೇಗ್ತಾನೆ, ಎತ್ತಿಕ್ಕು ಅಂದ್ರು."

ನಮ್ಮ ವಿಮಾನಕ್ಕೆ ಕರೆದರು. ಜನ ಎದ್ದು ಸಾಲು ನಿಂತರು. ಚೀಲ ಎತ್ತಿಕೊಳ್ಳಲು ನನಗೆ ಕೈ ಬರಲಿಲ್ಲ. ಅಮ್ಮನೇ ಎತ್ತಿಕೊಂಡಳು.