ಡಿಕ್ಕಿಯಲ್ಲಿ ಉಬ್ಬಿದ ಹಿಟ್ಟು

ಇದನ್ನು ನನಗೆ ಮೊದಲು ಹೇಳಿದವರು ಕೊಲ್ಲಿ ದೇಶದಲ್ಲಿ, ಅಬು ಹಲೀಫಾದ ನಮ್ಮ ನೆರೆಮನೆಯ ಲಿಲ್ಲಿ ಬಾಯಿ. ಬೇಸಿಗೆ ರಜೆಗೆ ಕಡಲಂಚಿನ ರಸ್ತೆಯಲ್ಲಿ ಖಿರಾನ್‌ಗೆ ಹೋಗಿ, ಅಲ್ಲೇ ಇಡ್ಲಿ ಬೇಯಿಸುವುದೆಂದು ನಾವು ಯೋಜನೆ ಹಾಕುತ್ತಿದ್ದೆವು.

"ರುಬ್ಬಿದ ಹಿಟ್ಟನ್ನು ಕಾರಿನ ಡಿಕ್ಕಿಯಲ್ಲಿಡು ಮಾರಾಯ್ತಿ, ಈ ಸೆಕೆಗೆ ದಾರಿಯಲ್ಲೇ ಉಬ್ಬುತ್ತದೆ," ಎಂದರು.

ಉಬ್ಬಿತು. ಮುಚ್ಚಳ ತಳ್ಳಿಕೊಂಡು ಡಿಕ್ಕಿಯೆಲ್ಲ ಹರಿಯಿತು. ತಪಾಸಣೆಗೆ ನಿಲ್ಲಿಸಿದ ಪೊಲೀಸ್ ಡಿಕ್ಕಿ ತೆರೆದವನೇ ಹುಳಿವಾಸನೆಗೆ ಹುಬ್ಬು ಗಂಟಿಕ್ಕಿ, "ಶರಾಬ್?" ಎಂದ. ಮದ್ಯ ನಿಷೇಧವಿರುವ ದೇಶ; ನನ್ನ ಗಂಡನ ಮುಖ ಹಿಟ್ಟಿಗಿಂತ ಬಿಳುಪಾಯಿತು.

"ಇಡ್ಲಿ, ಇಡ್ಲಿ!" ಎಂದು ನಾನು ಬಡಬಡಿಸಿದೆ.

ಪೊಲೀಸ್ ಬಗ್ಗಿ ಮೂಸಿ ನಕ್ಕುಬಿಟ್ಟ. "ನಮ್ಮನೆ ಅಡುಗೆಯವನೂ ಮಾಡ್ತಾನೆ," ಎಂದು ಹಿಂದಿಯಲ್ಲಿ ಹೇಳಿದ. "ಅರ್ಧ ಪಾತ್ರೆ ಮಾತ್ರ ತುಂಬಿಸ್ತಾನೆ. ಯಲ್ಲಾ, ಹೊರಡಿ!"

ಖಿರಾನ್‌ಗೆ ಹೊರಟವರು ಸಿಕ್ಕರೆ ನೀವೂ ಹೇಳಿ: ಡಿಕ್ಕಿಯ ಉಪಾಯ ಲಿಲ್ಲಿ ಬಾಯಿಯದು, ಅರ್ಧ ಪಾತ್ರೆಯ ತಿದ್ದುಪಡಿ ಪೊಲೀಸನದು.