ತೊಡೆಯ ಮೇಲೆ ನಿಲ್ಲುವ ಯಂತ್ರ

ನನ್ನ ನಾದಿನಿಯದು ಕೂತಲ್ಲಿ ಕೂರುವ ಜಾಯಮಾನವಲ್ಲ. ಕೂತರೂ ಬಲಗಾಲು ಹೊಲಿಗೆ ಯಂತ್ರ ತುಳಿಯುವವರ ಕಾಲಿನ ಹಾಗೆ ಕುಣಿಯುತ್ತಲೇ ಇರುತ್ತದೆ. ನಾನು ಮದುವೆಯಾಗಿ ಬಂದಾಗ ಅವಳಿಗೆ ಒಂಬತ್ತು ವರ್ಷ, ಆಗಲೂ ಹಾಗೇ. ನಮ್ಮ ಯಜಮಾನರು ತೀರಿಕೊಂಡ ಮೇಲೆ ನನ್ನ ಜೊತೆಗೇ ಇದ್ದಾಳೆ.

ಅವಳ ಕೆಲಸ ವಕೀಲರೊಬ್ಬರ ಬಳಿ ಟೈಪಿಂಗ್. ಎದ್ದು ಬರಲಾಗದವರ ಮನೆಗೇ ಹೋಗಿ, ಅವರು ಹೇಳಿದ ಉಯಿಲನ್ನು ಅವರ ಮಾತಿನಲ್ಲೇ ಇಳಿಸಿಕೊಂಡು ಬರಬೇಕು. ಕೀಲಿಗಳತ್ತ ನೋಡುವುದೇ ಇಲ್ಲ; ಕಣ್ಣೆಲ್ಲ ಹೇಳುವವರ ತುಟಿಯ ಮೇಲೆ. ಒಂದು ಶುಕ್ರವಾರ ಅವಳ ಹಳೆಯ ಲ್ಯಾಪ್‌ಟಾಪ್ ಕೈಕೊಟ್ಟಿತು. ಸೋಮವಾರ ಹಾಸಿಗೆ ಹಿಡಿದ ಮೇಷ್ಟ್ರೊಬ್ಬರ ಉಯಿಲು. ಅವರ ದನಿ ದಿನದಿಂದ ದಿನಕ್ಕೆ ಕುಗ್ಗುತ್ತಿತ್ತು. ತಡವಾದರೆ ಹೇಳಬೇಕಾದ್ದೆಲ್ಲ ಅವರೊಂದಿಗೇ ಹೋಗುತ್ತಿತ್ತು.

ಶನಿವಾರ ನನ್ನನ್ನೂ ಎಳೆದುಕೊಂಡು ಅಂಗಡಿಗೆ ಹೋದಳು. ಈ ಮೇಜಿಗೆ ಓಡಿದಳು, ಆ ಮೇಜಿಗೆ ಓಡಿದಳು, ಬಾಗಿಲವರೆಗೆ ಹೋಗಿ ವಾಪಸ್ ಬಂದಳು. ನೋಡಿಯೇ ನನಗೆ ತಲೆ ಸುತ್ತಿತು. ಮೊದಲು ತೋರಿಸಿದ್ದು ಟ್ಯಾಬ್, ಬರೀ ಗಾಜಿನ ಹಲಗೆ. ಹಗುರವೇನೋ ಸರಿ, ಆದರೆ ಬೆರಳಿಗೆ ಯಾವ ಅಕ್ಷರ ಎಲ್ಲಿದೆ ಎಂದು ತಿಳಿಯದು. ನೋಡದೆ ಹೊಡೆದ ಸಾಲು ಕಲಸುಮೇಲೋಗರ. ಎರಡನೆಯದು ಅಂಥದೇ ಹಲಗೆ, ಬೇಕೆಂದಾಗ ಸಿಕ್ಕಿಸುವ ಕೀಲಿಮಣೆ, ಹಿಂದೆ ಫೋಟೋ ಚೌಕಟ್ಟಿಗಿರುವಂಥ ಆನಿಕೆ. ಅದರ ಮೇಲೆ ಬೆರಳು ಸರಾಗವಾಗಿ ಓಡಿತು, ಮುಖ ಅರಳಿತು. ಮೂರನೆಯದು ಪುಸ್ತಕದ ಹಾಗೆ ಮಡಚುವ ಲ್ಯಾಪ್‌ಟಾಪ್. ಎತ್ತಿ ನೋಡಿ, ಹೆಗಲು ಬಿದ್ದುಹೋಗುತ್ತದೆ ಎಂದು ಬದಿಗಿಟ್ಟಳು.

ಎರಡನೆಯದಕ್ಕೇ ಬಿಲ್ ಮಾಡಲು ಹೇಳಿ, ಮಂಡಿನೋವೆಂದು ಕೂತಿದ್ದ ನನ್ನ ಪಕ್ಕ ಬಂದು ಕೂತಳು. ಅದನ್ನು ತೊಡೆಯ ಮೇಲಿಟ್ಟುಕೊಂಡಳು. ಬಲಗಾಲು ಕುಣಿಯಿತು. ಆನಿಕೆ ಜಾರಿ, ಪರದೆ ಹಿಂದಕ್ಕೆ ವಾಲಿತು; ನಾನು ಹಿಡಿಯದಿದ್ದರೆ ನೆಲದ ಪಾಲು.

ಮೇಜಿನ ಮೇಲಿಟ್ಟರೆ ಏನೂ ಆಗುವುದಿಲ್ಲ ಎಂದ ಅಂಗಡಿಯವನು.

“ಕಾಯಿಲೆಯವರ ಮಂಚದ ಪಕ್ಕ ಮೇಜು ಎಲ್ಲಿಂದ ತರ್ಲಪ್ಪ?” ಎಂದಳು. ಹದಿನೆಂಟು ವರ್ಷ ತೊಡೆಯ ಮೇಲೇ ಕೆಲಸ ಮಾಡಿದವಳು, ಅಷ್ಟು ಹೊತ್ತೂ ಎಲ್ಲವನ್ನೂ ಮೇಜಿನ ಮೇಲೇ ನೋಡಿದ್ದಳು. ನನ್ನ ಕಡೆ ತಿರುಗಿ, “ಅತ್ತಿಗೆ, ಕಾಲು ನಿಲ್ಸೋದು ಕಲೀಲಾ?” ಎಂದಳು.

“ಐವತ್ತು ವರ್ಷದಿಂದ ನಿಲ್ಲದ್ದು ಸೋಮವಾರಕ್ಕೆ ನಿಲ್ಲುತ್ತಾ? ಸುಮ್ನೆ ಆ ಮಡಚೋದನ್ನೇ ತಗೋ, ಅದರ ಪರದೆಗೆ ಆನಿಕೆ ಬೇಕಿಲ್ಲ.”

ಸೋಮವಾರ ಮೇಷ್ಟ್ರು ಬಾಯಿ ತೆರೆದು ಆಡಿದ ಮೊದಲ ಮಾತೇ, “ಏ ಹುಡುಗಿ, ಕಾಲು ಅಲ್ಲಾಡಿಸ್ಬೇಡ” ಅಂತೆ. ಇವಳು ಅದನ್ನೂ ಟೈಪ್ ಮಾಡಿ, ಆಮೇಲೆ ಅಳಿಸಿದಳಂತೆ. ಮಿಕ್ಕ ಮಾತು ಒಂದೂ ತಪ್ಪದೆ ಬಂತು. ಸಂಜೆಯೊಳಗೆ ಮೇಷ್ಟ್ರ ರುಜುವೂ ಬಿತ್ತು.

ಮನೆಗೆ ಬಂದವಳು ಹೆಗಲಿಗೆ ಎಣ್ಣೆ ತಿಕ್ಕೆಂದು ಬೆನ್ನು ತಿರುಗಿಸಿ ಕೂತಳು. ಮಡಚುವುದರಲ್ಲೇ ಇನ್ನೂ ತೆಳ್ಳಗಿನದು ಬೇರೆ ಅಂಗಡಿಯಲ್ಲಿ ಇತ್ತೇನೋ, ನೋಡಬೇಕಿತ್ತು ಎಂದಳು. ನಾನು ಇನ್ನಷ್ಟು ಎಣ್ಣೆ ಸುರಿದು ತಿಕ್ಕಿದೆ. ಅವಳ ಕಾಲು ಕುಣಿಯುತ್ತಲೇ ಇತ್ತು.