ಹೀರೇಕಾಯಿ ಪಲ್ಯದ ಏಳು ಸಾಮಾನು

ಮರಾಠಿ ನಾಡಿನ ಖರಾಡಿಯಲ್ಲಿ, ಒಂದು ಉಡುಪಿ ಹೋಟೆಲಿನ ಉಗ್ರಾಣದಲ್ಲಿ ನಾನು ಎರಡು ವರ್ಷ ಇಂಗ್ಲಿಷ್ ಪಾಠ ಮಾಡಿದೆ. ಇಂಗ್ಲಿಷ್ ಅಂದರೆ ದೊಡ್ಡದೇನಲ್ಲ. ಅಕ್ಕಿ, ಬೇಳೆ, ಬೆಣ್ಣೆ, ಬದನೆಕಾಯಿಗಳ ಇಂಗ್ಲಿಷ್. ಕಲಿಯಲು ಬರುತ್ತಿದ್ದವರು ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಹೆಂಗಸರು. ಇಟ್ಟಿಗೆ ಹೊರುವುದು ಬಿಟ್ಟು ವಿಮಾನ ನಗರದ ಫ್ಲ್ಯಾಟುಗಳಲ್ಲಿ ಅಡುಗೆ ಕೆಲಸ ಹಿಡಿಯಬೇಕೆಂಬುದು ಅವರ ಆಸೆ. ಆ ಮನೆಗಳಲ್ಲಿ ಸಾಮಾನೆಲ್ಲ ಫೋನಿನಲ್ಲಿ ತರಿಸುತ್ತಾರೆ, ಪೊಟ್ಟಣದ ಮೇಲೆಲ್ಲ ಇಂಗ್ಲಿಷ್, ಮುಗಿದದ್ದೇನು ಎಂದು ಅಡುಗೆಯವಳೇ ಬರೆದು ಕಳಿಸಬೇಕು. ನಾನು ಧಾರವಾಡದವಳು, ಶಾಲೆಯಲ್ಲಿ ಕಲಿಸಿ ನಿವೃತ್ತಳಾದವಳು. ಇಲ್ಲಿ ಮಗನ ಮನೆಯಲ್ಲಿ ಸುಮ್ಮನೆ ಕುಳಿತರೆ ಸೊಸೆಯ ಜೊತೆ ಜಗಳ. ಹೋಟೆಲಿನ ಮಾಲೀಕರು ಕುಂದಾಪುರದ ಕಡೆಯವರು. ಮಧ್ಯಾಹ್ನ ಮೂರರಿಂದ ಐದರವರೆಗೆ ಉಗ್ರಾಣ ಬಿಟ್ಟುಕೊಟ್ಟರು.

ಪುಸ್ತಕ ಇಟ್ಟುಕೊಳ್ಳಲಿಲ್ಲ. ಕಣ್ಣು ಮುಚ್ಚಿ ಚೀಲದೊಳಗೆ ಕೈ ಹಾಕಬೇಕು, ಕೈಗೆ ಸಿಕ್ಕಿದ್ದರ ಹೆಸರು ಹೇಳಬೇಕು, ಆಮೇಲೆ ಬರೆಯಬೇಕು. ತೊಗರಿಬೇಳೆ ಯಾವುದು, ಕಡಲೆಬೇಳೆ ಯಾವುದು ಎಂದು ಅವರ ಬೆರಳು ಒಮ್ಮೆಯೂ ತಪ್ಪಲಿಲ್ಲ. ನಾಲಿಗೆ ತಪ್ಪಿದರೆ ನಾನು ರೇಗುತ್ತಿದ್ದೆ. ನನ್ನ ಬಾಯಿ ಜೋರು, ಅದನ್ನು ನಾನೇ ಒಪ್ಪುತ್ತೇನೆ. ಶೇಂಗಾ ಚೀಲದ ಹತ್ತಿರ ಮಾತ್ರ ಪಾಠ ಹಳಿ ತಪ್ಪುತ್ತಿತ್ತು. ಎಲ್ಲರೂ ಒಂದೊಂದು ಹಿಡಿ ಬಾಯಿಗೆ ಹಾಕಿಕೊಂಡು "ಪೀನಟ್, ಪೀನಟ್" ಅನ್ನುತ್ತಿದ್ದರು. "ಪಾಠ ಮುಗಿಯುವುದರೊಳಗೆ ನನ್ನ ಚೀಲ ಮುಗಿಸ್ತೀರಿ ಮಾರಾಯ್ರೆ" ಎಂದು ಮಾಲೀಕರು ಬಾಗಿಲಲ್ಲಿ ನಿಂತು ಹೇಳುತ್ತಿದ್ದರು.

ಅವರಲ್ಲಿ ಒಬ್ಬಳಿಗೆ ಈ ಪಾಠ ನಗುವ ವಿಷಯವಾಗಿರಲಿಲ್ಲ. ಮೂವತ್ತೈದರ ಆಸುಪಾಸಿನ ಹೆಂಗಸು, ಮಾತು ಕಡಿಮೆ. ಮರಳಿನ ಬುಟ್ಟಿ ಹೊತ್ತು ಹೊತ್ತು ಬೆನ್ನಿನ ಮಣಿ ಸರಿದಿತ್ತು. ಇನ್ನೂ ತಲೆಯ ಮೇಲೆ ಭಾರ ಹೊತ್ತರೆ ಕಾಲುಗಳ ಸ್ವಾಧೀನವೇ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಗಂಡನೊಬ್ಬನ ಕೂಲಿಯಲ್ಲಿ ಮನೆ ನಡೆಯುವಂತಿರಲಿಲ್ಲ.

"ಅಡಗಿ ಕೆಲಸ ಸಿಕ್ರ ನನ್ನ ಕಾಲು ಉಳಿತಾವ್ರಿ ಟೀಚರ್. ಇಲ್ಲಂದ್ರ ಮತ್ತ ಬುಟ್ಟಿನ ಗತಿ," ಎಂದು ಒಮ್ಮೆ ಹೇಳಿದಳು. ಅವಳನ್ನು ನಾನು ಉಳಿದವರಿಗಿಂತ ಹೆಚ್ಚು ಬಯ್ದು ಕಲಿಸಿದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಕೆಲಸ ಸಿಕ್ಕಿತು. ಶಿಫಾರಸು ನನ್ನದೇ. ವಿಮಾನ ನಗರದ ಎಂಟನೇ ಮಹಡಿಯ ಮನೆ. ಗಂಡ ಹೆಂಡತಿ ಇಬ್ಬರೂ ಆಫೀಸಿಗೆ ಹೋಗುವವರು, ಐದು ವರ್ಷದ ಮಗ. ಮಗುವಿಗೆ ಪೀನಟ್ ಅಲರ್ಜಿ, ಅದು ಮನೆಯೊಳಗೆ ಬರಕೂಡದು ಎಂದು ಯಜಮಾನಿ ಮೊದಲ ದಿನವೇ ಹೇಳಿದ್ದರು. ಅಲರ್ಜಿ ಅಂದರೇನು ಎಂದು ಇವಳು ಬಂದು ನನ್ನನ್ನು ಕೇಳಿದಳು.

"ಶೇಂಗಾ ಆ ಹುಡುಗಗ ಆಗಿಬರಂಗಿಲ್ಲ ಅಂತ," ಎಂದೆ.

ಆಗಿಬರುವುದಿಲ್ಲ ಅನ್ನುವ ಮಾತಿಗೆ ನಮ್ಮ ಕಡೆ ಎಷ್ಟು ತೂಕ? ನಮ್ಮ ಅವ್ವನಿಗೆ ಬದನೆಕಾಯಿ ಆಗಿಬರುತ್ತಿರಲಿಲ್ಲ. ವಾರಕ್ಕೆರಡು ಸಲ ತಿಂದು ಮೈ ತುರಿಸಿಕೊಳ್ಳುತ್ತಿದ್ದಳು. ತಿಂದರೆ ಹುಡುಗ ಉಸಿರು ಕಟ್ಟಿ ಸಾಯಬಹುದು ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ. ಆ ದಿನ ಸೊಪ್ಪುಗಳ ಹೆಸರು ಮುಗಿಸುವ ಅವಸರದಲ್ಲಿದ್ದೆ.

ಒಂದು ತಿಂಗಳು ಎಲ್ಲ ಸುಸೂತ್ರವಾಗಿ ನಡೆಯಿತು. ಆ ಮನೆಯವರು ಹೇಳಿಕೊಟ್ಟ ಅಡುಗೆಯನ್ನೇ ಅವಳು ಮಾಡುತ್ತಿದ್ದಳು. ಒಂದು ಬಿಸ್ಕತ್ತಿನ ಪೊಟ್ಟಣದ ಹಿಂದೆ ಸಣ್ಣ ಅಕ್ಷರದಲ್ಲಿ ಪೀನಟ್ ಎಂದಿದ್ದದ್ದನ್ನು ಓದಿ ತೋರಿಸಿದಳಂತೆ; ಯಜಮಾನಿ ನನಗೆ ಫೋನ್ ಮಾಡಿ ಹೊಗಳಿದರು. ನಾನು ಆ ಸುದ್ದಿಯನ್ನು ಉಗ್ರಾಣದಲ್ಲಿ ನಾಲ್ಕು ದಿನ ಹೇಳಿಕೊಂಡು ತಿರುಗಿದೆ.

ಆಮೇಲೊಂದು ದಿನ ಯಜಮಾನಿ ನಿಮ್ಮೂರಿನ ಪಲ್ಯ ಒಂದು ಮಾಡು ಎಂದರಂತೆ. ಏನೇನು ಹಾಕುತ್ತೀ ಎಂದು ಮೊದಲು ಬರೆದು ತೋರಿಸಬೇಕು, ಮಗುವಿದೆ ಮನೆಯಲ್ಲಿ ಎಂದೂ ಹೇಳಿದ್ದರಂತೆ. ಇವಳು ಹಾಳೆ ಹಿಡಿದುಕೊಂಡು ಬಂದಳು.

"ನೀವ ಬರದು ಕೊಡ್ರಿ. ನಂದು ತಪ್ಪಾದ್ರ ಭಾಳ ತ್ರಾಸ ಆಗ್ತದ."

ಹೀರೇಕಾಯಿ ಪಲ್ಯ ಎಂದು ಇಬ್ಬರೂ ಕೂಡಿ ಗೊತ್ತು ಮಾಡಿದೆವು. ಅವಳು ಒಂದೊಂದೇ ಹೇಳಿದಳು, ನಾನು ಇಂಗ್ಲಿಷಿನಲ್ಲಿ ಬರೆದೆ. ಹೀರೇಕಾಯಿ, ಉಳ್ಳಾಗಡ್ಡಿ, ಬೆಳ್ಳುಳ್ಳಿ, ಬೆಲ್ಲ, ಖಾರ, ಎಣ್ಣೆ, ಉಪ್ಪು. ಏಳು ಸಾಮಾನು. ಮತ್ತೇನಾದರೂ ಉಳಿಯಿತೇ ಎಂದು ಕೇಳಿದೆ. ಇಬ್ಬರೂ ಯೋಚಿಸಿದೆವು. ಏನೂ ಉಳಿದಿಲ್ಲ ಎಂದುಕೊಂಡು ಚಹಾ ಕುಡಿದೆವು.

ಮರುದಿನ ಸಂಜೆ ಐದಕ್ಕೆ ಯಜಮಾನಿಯ ಫೋನ್ ಬಂತು. ಪಲ್ಯ ತಿಂದ ಹತ್ತು ನಿಮಿಷಕ್ಕೆ ಹುಡುಗನ ತುಟಿ ಬಾತು, ಉಸಿರು ಕಟ್ಟಿ, ಆಸ್ಪತ್ರೆಗೆ ಹೊತ್ತುಕೊಂಡು ಓಡಿದ್ದರು. ಆಕೆ ಅಲ್ಲಿಂದಲೇ ಮಾತಾಡುತ್ತಿದ್ದರು. ಅಡುಗೆಯವಳ ಚೀಲದಲ್ಲಿ ಒಂದು ಪ್ಲಾಸ್ಟಿಕ್ ಪೊಟ್ಟಣ ಸಿಕ್ಕಿದೆ, ಅದರಲ್ಲಿ ಪೀನಟ್ ಪುಡಿ ಇದೆ ಎಂದರು.

ನಮ್ಮಲ್ಲಿ ಶೇಂಗಾ ಅಂದರೆ ಹುರಿದು ತಿನ್ನುವ ಕಾಳು. ಅದರ ಪುಡಿ ಒಲೆಯ ಪಕ್ಕದ ಡಬ್ಬಿಯಲ್ಲಿ ಸದಾ ಇರುತ್ತದೆ, ಅದನ್ನು ಯಾರೂ ಒಂದು ಸಾಮಾನು ಎಂದು ಎಣಿಸುವುದಿಲ್ಲ. ಪಲ್ಯ ಇಳಿಸುವ ಮುಂಚೆ ಕೈ ತಾನಾಗಿ ಹೋಗಿ ಎರಡು ಚಮಚ ಹಾಕಿಬಿಡುತ್ತದೆ. ಅವಳ ಮನೆಯಲ್ಲೂ ಹಾಗೆ, ನನ್ನ ಮನೆಯಲ್ಲೂ ಹಾಗೆ. ಆ ಹಾಳೆಯಲ್ಲಿ ನಾವು ನೀರನ್ನು ಬರೆಯದ ಹಾಗೆಯೇ ಅದನ್ನೂ ಬರೆದಿರಲಿಲ್ಲ. ಆ ಮನೆಯಲ್ಲಿ ಪುಡಿ ಇಲ್ಲವಲ್ಲ, ಪಲ್ಯ ಸಪ್ಪೆಯಾದೀತು ಎಂದು, ಅದೂ ಶೇಂಗಾವೇ ಎಂಬುದು ಹೊಳೆಯದೆ, ಅವಳು ತನ್ನ ಮನೆಯದನ್ನೇ ಕಟ್ಟಿಕೊಂಡು ಹೋಗಿದ್ದಾಳೆ. ಇಷ್ಟೆಲ್ಲ ನನಗೆ ಒಂದೇ ಕ್ಷಣದಲ್ಲಿ ತಿಳಿಯಿತು.

"ನನಗೆ ಒಂದೇ ಮಾತಿಗೆ ಉತ್ತರ ಬೇಕು," ಎಂದರು ಆಕೆ. "ಪೀನಟ್ ಅನ್ನುವ ಶಬ್ದ ನೀವು ಅವಳಿಗೆ ಕಲಿಸಿದ್ದಿರೋ ಇಲ್ಲವೋ?"

ಆ ಹಾಳೆ ಬರೆದವಳು ನಾನು, ಅಲರ್ಜಿಯ ಅರ್ಥ ಹಗುರ ಮಾಡಿ ಹೇಳಿದವಳೂ ನಾನು ಎನ್ನಬೇಕಿತ್ತು. ಆದರೆ ಕಲಿಸಿದ್ದಿರೋ ಇಲ್ಲವೋ ಎಂದು ಯಾರಾದರೂ ಕೇಳಿದರೆ ನನ್ನೊಳಗಿನ ಮಾಸ್ತರಿಣಿ ಸೆಟೆದು ನಿಲ್ಲುತ್ತಾಳೆ. ಹೆದರಿಕೆಯೂ ಇತ್ತು, ಸುಳ್ಳು ಯಾಕೆ ಹೇಳಲಿ.

"ಕಲಿಸಿದ್ದೇನೆ," ಎಂದೆ. "ಅವಳಿಗೆ ಓದಲೂ ಬರುತ್ತದೆ. ನೀವೇ ನೋಡಿದ್ದೀರಲ್ಲ."

"ಹಾಗಾದರೆ ಗೊತ್ತಿದ್ದೇ ಹಾಕಿದ್ದಾಳೆ," ಎಂದು ಆಕೆ ಫೋನ್ ಇಟ್ಟರು.

ಹುಡುಗ ಬದುಕಿದ. ಮೂರನೇ ದಿನ ಮನೆಗೆ ಬಂದನೆಂದು ಹೋಟೆಲಿನ ಡೆಲಿವರಿಯವನಿಂದ ತಿಳಿಯಿತು. ನಾನು ಧೈರ್ಯ ತಂದುಕೊಂಡು ಯಜಮಾನಿಗೆ ಫೋನ್ ಮಾಡಿದಾಗ ನನ್ನ ನಂಬರು ಬ್ಲಾಕ್ ಆಗಿತ್ತು. ಹೋಗಿ ನೋಡಿದರೆ ಗೇಟಿನಲ್ಲೇ ತಡೆದರು. ಅಡುಗೆಯವಳ ಫೋಟೊ ಆ ಕಟ್ಟಡದ ಎಲ್ಲರ ಫೋನಿಗೆ ಹೋಗಿತ್ತು, ಅಕ್ಕಪಕ್ಕದ ಕಟ್ಟಡಗಳಿಗೂ. ಯಾವ ಮನೆಯಲ್ಲೂ ಅವಳನ್ನು ಒಲೆಯ ಹತ್ತಿರ ಬಿಟ್ಟುಕೊಳ್ಳುವವರಿರಲಿಲ್ಲ. ಅವಳು ಉಗ್ರಾಣಕ್ಕೆ ಬರುವುದನ್ನು ಬಿಟ್ಟಳು.

ಎರಡು ವಾರ ಕಳೆದ ಮೇಲೆ ಅವಳು ಕೆಲಸಕ್ಕಿದ್ದ ಕಟ್ಟಡದ ಸೈಟಿಗೆ ಹೋದೆ. ಉರಿಬಿಸಿಲು. ಅವಳು ಮರಳಿನ ರಾಶಿಯ ಹತ್ತಿರ ಸಲಿಕೆ ಹಿಡಿದು ಬುಟ್ಟಿ ತುಂಬುತ್ತಿದ್ದಳು. ಸೊಂಟಕ್ಕೆ ಹಳೆಯ ಸೀರೆಯ ತುಂಡನ್ನು ಬಿಗಿದು ಕಟ್ಟಿಕೊಂಡಿದ್ದಳು. ನನ್ನನ್ನು ಕಂಡು ಸಲಿಕೆ ನಿಲ್ಲಿಸಿದಳು.

"ಹುಡುಗ ಹ್ಯಾಂಗ ಅದಾನ್ರಿ?" ಎಂದು ಮೊದಲು ಅದನ್ನೇ ಕೇಳಿದಳು.

ಆರಾಮಾಗಿದ್ದಾನೆ ಎಂದೆ. ನಂದೇ ತಪ್ಪು, ಯಜಮಾನಿ ಕೇಳಿದಾಗ ಆ ಶಬ್ದ ಕಲಿಸಿದ್ದೇನೆ ಎಂದಷ್ಟೇ ಹೇಳಿದೆ, ಪೂರ್ತಿ ಹೇಳಲಿಲ್ಲ ಎಂದೆ. ಇನ್ನೂ ಏನೇನೋ ಹೇಳಿದೆ.

"ನೀವು ಖರೇನ ಹೇಳೀರಲ್ರಿ. ನನಗ ಆ ಶಬ್ದ ಬರ್ತಿತ್ತು." ಸಲಿಕೆಗೆ ಅಂಟಿದ ಮರಳು ಕೊಡವಿದಳು. "ಆಕಿಗಿ ಆ ಶಬ್ದ ಬರಂಗಿಲ್ಲ ಅಂತ ನೀವು ಅಂದಿದ್ರ ನನಗ ದಡ್ಡಿ ಅಂತ ಬೈದು ಬಿಡ್ತಿದ್ರು. ಬ್ಯಾರೆ ಮನ್ಯಾಗರ ಕೆಲಸ ಸಿಕ್ತಿತ್ತು."

ಎರಡನೇ ಮಹಡಿಯಿಂದ ಕೂಲಿಗಳ ಮೇಸ್ತ್ರಿ ಮುಕಾದಮ ಮರಾಠಿಯಲ್ಲಿ ಕೂಗಿದ. ಅವಳು ತಲೆಯ ಮೇಲೆ ಬಟ್ಟೆ ಸುತ್ತಿದ ಸಿಂಬಿ ಇಟ್ಟುಕೊಂಡು, ತುಂಬಿದ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಸುತ್ತ ನೋಡಿದಳು. ಹತ್ತಿರ ಬೇರೆ ಯಾರೂ ಇರಲಿಲ್ಲ.

"ಒಂದ್ಸ್ವಲ್ಪ ಕೈ ಹಚ್ರಿ ಟೀಚರ್," ಎಂದಳು.

ನಾನು ಬಗ್ಗಿ ಬುಟ್ಟಿ ಎತ್ತಿ ಅವಳ ತಲೆಯ ಮೇಲಿಟ್ಟೆ.